ಮೂವತ್ತೈದು

ಮೂರನೇ ಸಲಕ್ಕೆ ಗಣಿತದಲ್ಲಿ ಮೂವತ್ತೈದು.
ಒಂದು ಹೆಚ್ಚಿಲ್ಲ, ಒಂದು ಕಮ್ಮಿಯಿಲ್ಲ.
ಸಾಲಗಾಮೆ ರಸ್ತೆಯ ಸೈಬರ್ ಅಂಗಡಿಯಿಂದ
ಚಪ್ಪಲಿ ಪಟಪಟ ಅನ್ನಿಸುತ್ತ ಓಡಿಬಂದಳು ಬಿಂದುಶ್ರೀ:
“ಮಿಸ್, ಐದು ಗಂಟೆಗೆ ನಮ್ಮನೇಲಿ ಪಾರ್ಟಿ.”
ಗಡಿಯಾರ ನೋಡಿದೆ, ಮೂರೂ ಮುಕ್ಕಾಲು.
ಅಡುಗೆ ಯಾರದು?
“ನಂದೇ.”
ಈರುಳ್ಳಿ ಹೆಚ್ಚಿಕೊಡುವ ನೆಪದಲ್ಲಿ ಜೊತೆಗೆ ಹೊರಟೆ,
ನಿಜ ಹೇಳಬೇಕೆಂದರೆ, ನಂಬಿಕೆ ಸಾಲದೆ.

ಬಸ್ ಡಿಪೋ ಹಿಂದಿನ ಸಾಲುಮನೆ.
ಇಬ್ಬರು ನಿಂತರೆ ಮೂರನೆಯವರು ಬಾಗಿಲಲ್ಲೇ ನಿಲ್ಲಬೇಕಾದ ಅಡುಗೆಮನೆ.
ಅವಳಮ್ಮ ಗಾರ್ಮೆಂಟ್ಸ್ ಶಿಫ್ಟಿನಲ್ಲಿ.
ಸ್ಟವ್ವಿನ ಎಡಗಡೆ ಬರ್ನರ್ ಕೆಟ್ಟು ವರ್ಷವಾಗಿದೆ.
ಒಂದೇ ಉರಿ, ಮೂರು ತಿಂಡಿ, ಎಪ್ಪತ್ತು ನಿಮಿಷ.
ಇಂಥ ಲೆಕ್ಕವನ್ನೇ ಅಲ್ಲವೆ
ಪ್ರಶ್ನೆಪತ್ರಿಕೆಯಲ್ಲಿ ಅವಳು ಖಾಲಿ ಬಿಟ್ಟು ಬಂದದ್ದು?

ಕುಕ್ಕರಿಗೆ ಆಲೂಗಡ್ಡೆ, ನಮ್ಮ ಹಾಸನದ್ದೇ,
ಕಟ್ಟಿನಕೆರೆ ಮಾರ್ಕೆಟ್ಟಿನದು,
ಎಷ್ಟು ತೊಳೆದರೂ ಕಣ್ಣುಗಳಲ್ಲಿ ಕೆಂಪು ಮಣ್ಣು.
ಅದು ಕೂಗುವುದರೊಳಗೆ, ಒಲೆಯ ಹಂಗಿಲ್ಲದೆ, ಸಿಹಿ:
ಮಾರಿ ಬಿಸ್ಕತ್ತನ್ನು ಪ್ಲಾಸ್ಟಿಕ್ ಕವರಿಗೆ ಹಾಕಿ
ಲಟ್ಟಣಿಗೆಯಿಂದ ಬಡಿದು ಪುಡಿ,
ಕೋಕೋ, ಬೆಣ್ಣೆ, ಎರಡು ಚಮಚ ಹಾಲು,
ಮೇಲೆ ಕೊಬ್ಬರಿ ತುರಿ ಸಕ್ಕರೆಯ ಬಿಳಿ ಹಾಸು,
ಸುತ್ತಿ, ಪಕ್ಕದ ಮನೆ ಫ್ರಿಜ್ಜಿಗೆ ಓಟ.
“ಇದೂ ಸಿಲಿಂಡರೇ ಅಲ್ವ ಮಿಸ್?”
ನಾನು ಹಸಿಮೆಣಸು ಹೆಚ್ಚುವವಳಂತೆ ತಲೆ ತಗ್ಗಿಸಿದೆ.

ಬೋಂಡದ ಹಿಟ್ಟು ಎಷ್ಟು ತಗೋತೀಯ? ಕೇಳಿದೆ.
“ಮೂರು ಪಾಲು ಕಡ್ಲೆಹಿಟ್ಟಿಗೆ ಒಂದು ಪಾಲು ಅಕ್ಕಿಹಿಟ್ಟು.
ಗರಿಗರಿ ಬರ್ಬೇಕಲ್ಲ.”
ಅನುಪಾತ!
ಹಾಲು ನೀರು ಬೆರೆಸಿ, ರಾಮ ಸೋಮರ ವ್ಯಾಪಾರ ಮುಳುಗಿಸಿ,
ಮೂರು ವರ್ಷ ನಾನು ಹೇಳಿಕೊಟ್ಟದ್ದು.
ಇವಳು ಕಿಟಕಿ ನೋಡುತ್ತ ಕೂತದ್ದು.
ಬಿಸಿ ಸಿಪ್ಪೆ ಸುಲಿದು, ಬೆರಳಿಗೆ ಊದಿಕೊಂಡು,
ಸಾಸಿವೆ, ಕರಿಬೇವು, ಚಿಟಿಕೆ ಅರಿಶಿನ,
ಅಂಗೈಯಲ್ಲಿ ತಿರುಗಿದ ಉಂಡೆಗಳು
ಒಂದಕ್ಕೊಂದು ತೂಕ ತಪ್ಪಲಿಲ್ಲ.

ಎಣ್ಣೆಗೆ ಒಂದು ಚೂರು ಹಿಟ್ಟು ಬಿಟ್ಟಳು.
ಮುಳುಗಿತು.
ಕಾದಳು.
ಎದ್ದಿತು.

ಮೊದಲ ಬೋಂಡ ನನಗೆ: “ಉಪ್ಪು ನೋಡಿ ಮಿಸ್.”
ಬಾಯಿ ಸುಟ್ಟುಕೊಂಡು ಹೇಳಿದೆ: ಚೂರು ಕಮ್ಮಿ.
“ಚಟ್ನಿ ಜೊತೆ ಸರಿಹೋಗುತ್ತೆ.”
ಮಿಸ್ಸಿನ ಮಾತು ಮೀರಿದ್ದು ಇದೇ ಮೊದಲು.
ಚಟ್ನಿ ಜೊತೆ ತಿಂದೆ. ಬಾಯಿ ಮುಚ್ಚಿಕೊಂಡೆ.

ಐದಕ್ಕೆ ಬಂದರು. ಫೌಜಿಯಾ, ಅವಳ ತಂಗಿ,
ಮೂಲೆಮನೆ ಮೇರಿಯಮ್ಮ, ಕರೆಯದೇ ಬಂದ ಇಬ್ಬರು ಹುಡುಗರು.
ಹನ್ನೊಂದು ಅಂದದ್ದು ನಾವಿಬ್ಬರೂ ಸೇರಿ ಹದಿನಾರಾಯಿತು.
ಅವಳು ಹುಬ್ಬೂ ಏರಿಸಲಿಲ್ಲ.
ಕಡ್ಲೆಪುರಿಗೆ ಇನ್ನೆರಡು ಬೊಗಸೆ, ಅರ್ಧ ನಿಂಬೆ ಹೆಚ್ಚು,
(“ಕೊನೇಲೇ ಕಲಸ್ಬೇಕು ಮಿಸ್, ಇಲ್ದಿದ್ರೆ ಮೆತ್ತಗಾಗುತ್ತೆ”)
ಬಿಸ್ಕತ್ತಿನ ಸುರುಳಿಗೆ ಚಾಕು ಚೂರು ತೆಳ್ಳಗೆ.
ಬೋಂಡ ತಲಾ ಎರಡು. ಮೊದಲೇ ನನ್ನ ಹೊಟ್ಟೆ ಸೇರಿದ್ದು ಒಂದು.
ತಟ್ಟೆ ಮುಚ್ಚಿ ಅಟ್ಟದ ಮೇಲಿಟ್ಟದ್ದು ಎರಡು.
ಲೆಕ್ಕ ನೀವೇ ಹಾಕಿ.

ಆ ತಟ್ಟೆ ಅವಳಪ್ಪನದು. ತಮ್ಮೇಗೌಡರು,
ಡಿಪೋದಲ್ಲಿ ಟೈರು ಬಿಚ್ಚಿ ಹಾಕುವವರು.
ಎರಡನೇ ಸಲ ಫೇಲಾದ ದಿನ
“ಟೈಲರಿಂಗಿಗೆ ಕಳ್ಸು” ಅಂದಿದ್ದರು, ಹೆಂಡತಿಗೆ.
ಆಮೇಲೆ ಮಗಳ ಜೊತೆ ಮಾತೆಂದರೆ
“ಟೀ”, “ಟವಲ್ಲು”.

ಎಲ್ಲರೂ ಹೋದ ಮೇಲೆ ಬಂದರು.
ನಾನು ಪಾತ್ರೆ ಒರೆಸುತ್ತಿದ್ದೆ, ಹೋಗಲು ಮನಸ್ಸಿಲ್ಲದೆ.
ಗ್ರೀಸು ಹೋಗದ ಬೆರಳುಗಳಲ್ಲಿ
ತಣ್ಣಗಾದ ಬೋಂಡವನ್ನು ಮುರಿದರು. ಅಗಿದರು.
ಗೋಡೆ ನೋಡುತ್ತ ಕೇಳಿದರು:
“ಉಪ್ಪು ಹಾಕಿದ್ದು ಯಾರು?”
“ನಾನೇ.”
ಇನ್ನೊಂದನ್ನೂ ಎತ್ತಿಕೊಂಡರು.
“ಸರಿಯಾಗೈತೆ.”

ಮೂರು ವರ್ಷದ ಅವಳ ನೋಟ್‌ಬುಕ್ಕುಗಳಲ್ಲಿ
ಈ ಒಂದು ಮಾತು ಬಿಟ್ಟು
ಕೆಂಪು ಶಾಯಿಯಲ್ಲಿ ಎಲ್ಲವನ್ನೂ ಬರೆದಿದ್ದೆ ನಾನು.